ಸೀರೆಯ ಪಟ್ಟಿ ಕಟ್ಟಿದ ಮೋರಪಂಖಿ

ಹಸಿ ಮಾವಿನಕಾಯಿಯ ಸೊನೆಗೆ ಒಂದು ಚಿಟಿಕೆ ಕರ್ಪೂರ ಬೆರೆಸಿದರೆ ಹೇಗಿರುತ್ತದೋ ಹಾಗಿತ್ತು ಆ ವಾಸನೆ. ಭಾಗಮ್ಮ ಏಳನೆಯ ತರಗತಿಯ ಗಣಿತ ಪುಸ್ತಕ ತೆರೆದಾಗಲೆಲ್ಲ ಅದು ಮೂಗಿಗೆ ಬರುತ್ತಿತ್ತು. ಘಾಟಬೋರಾಳದಿಂದ ಹುಮನಾಬಾದಿಗೆ ಓದಲು ಬಂದಿದ್ದ ಹುಡುಗಿ ಆಕೆ. ಪರೀಕ್ಷೆಯ ದಿನ ಬೆಂಚಿನ ಮೇಲೆ ಅಂಜಿ ಕೂತಿದ್ದಾಗ, ಪಕ್ಕದ ತಾಹೇರಾ ತನ್ನ ಪುಸ್ತಕದೊಳಗಿದ್ದ ಮೋರಪಂಖಿ ಗಿಡದ ಎಸಳನ್ನು ಎರಡಾಗಿ ಹರಿದು, ಅರ್ಧವನ್ನು ಇವಳ ಪುಸ್ತಕದಲ್ಲಿಟ್ಟು ಮುಚ್ಚಿದ್ದಳು. ಮೋರಪಂಖಿಯ ಎಲೆ ಪುಸ್ತಕದಲ್ಲಿದ್ದರೆ ವಿದ್ಯೆ ತಲೆಗೆ ಹತ್ತುತ್ತದೆ ಎಂದು ಆ ಕಡೆಯ ಮಕ್ಕಳೆಲ್ಲ ನಂಬಿದ್ದರು. ಭಾಗಮ್ಮ ಪಾಸಾದಳು. ಎಲೆಯಿಂದ ಅಲ್ಲ ಎಂದು ಆಗಲೇ ಗೊತ್ತಿತ್ತು. ಆದರೆ ತನ್ನದರಲ್ಲಿ ಅರ್ಧ ಕೊಟ್ಟವಳೊಬ್ಬಳು ಪಕ್ಕದಲ್ಲಿ ಕೂತಿದ್ದಳಲ್ಲ, ಅದರಿಂದ ಪೆನ್ನು ಹಿಡಿದು ಬರೆಯತೊಡಗಿದ್ದಳು.

ಈಗ ಆಕೆಗೆ ಎಪ್ಪತ್ತು ದಾಟಿದೆ. ಹುಮನಾಬಾದಿನ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿ ಕೆಲಸ ಮಾಡಿ, ವಾಪಸ್ ಬಂದ ಪುಸ್ತಕಗಳಿಂದ ಒಣಗಿದ ಮೋರಪಂಖಿ ಎಲೆ ಕೊಡವುತ್ತಲೇ ನಿವೃತ್ತಿಯಾದವಳು. ಬಸವಕಲ್ಯಾಣದಲ್ಲಿ ಆಕೆಯ ಮನೆ ಹೆಣ್ಣುಮಕ್ಕಳ ಸರ್ಕಾರಿ ಹೈಸ್ಕೂಲಿಗೆ ಎದುರಾಬದುರು. ನಿವೃತ್ತಿಯಾದ ವರ್ಷವೇ ಆ ಶಾಲೆಯ ಕಂಪೌಂಡಿನ ಹೊರಗೆ ಸಾಲಾಗಿ ಐದು ಮೋರಪಂಖಿ ನೆಟ್ಟಿದ್ದಳು. ಬೀಜ ತಾಹೇರಾಳ ಅಂಗಳದ ಮರದ್ದು. ಸಸಿ ಮಾಡಿ ಕೊಟ್ಟವನು ಅವಳ ತಮ್ಮ, ಹುಮನಾಬಾದಿನಲ್ಲಿ ನರ್ಸರಿ ಇಟ್ಟಿರುವ ಖಮರುದ್ದೀನ್. ಆಮೇಲೆ ರಸ್ತೆ ಅಗಲ ಮಾಡುವಾಗ ಆ ತಾಯಿಮರ ಹೋಯಿತು. ಮೂರು ವರ್ಷದ ಹಿಂದೆ ತಾಹೇರಾಳೂ ಹೋದಳು. ಉಳಿದದ್ದು ಈ ಐದು.

ಮೋರಪಂಖಿ ಬಿಸಿಲಿಗೆ ಅಂಜುವ ಗಿಡವಲ್ಲ, ಚಳಿಗೂ ಅಂಜುವುದಿಲ್ಲ. ವರ್ಷದ ಹನ್ನೆರಡೂ ತಿಂಗಳು ಹಸಿರು. ಎಲೆಗಳು ಬೀಸಣಿಗೆಯಂತೆ ಚಪ್ಪಟೆಯಾಗಿ, ನವಿಲು ಗರಿ ನಿಲ್ಲಿಸಿದ ಹಾಗೆ ಎದ್ದು ನಿಂತಿರುತ್ತವೆ. ಅದು ಅಂಜುವುದು ಬುಡದಲ್ಲಿ ನಿಂತ ನೀರಿಗೆ ಮಾತ್ರ. ಅದಕ್ಕೇ ಭಾಗಮ್ಮ ಕರಿಮಣ್ಣನ್ನು ಆಳಕ್ಕೆ ತೆಗೆಸಿ, ಗುಂಡಿಗೆ ನೀರು ಬಸಿಯುವ ಕೆಂಪು ಮುರುಮು ಮಣ್ಣು ತುಂಬಿಸಿ ನೆಟ್ಟಿದ್ದಳು. ವಾರಕ್ಕೊಮ್ಮೆ ಬೇರು ತಣಿಯುವಷ್ಟು ನೀರು, ಬೇಸಿಗೆಯಲ್ಲಿ ಎಲೆಯ ಧೂಳು ತೊಳೆಯಲು ಒಂದು ಸ್ನಾನ. ಅಷ್ಟೇ ಆರೈಕೆ. ಆಳೆತ್ತರ ದಾಟಿ ಬೆಳೆದವು.

ಆದರೆ ಪ್ರತಿ ಮಾರ್ಚಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಬರುತ್ತಿತ್ತು. ಹುಡುಗಿಯರು ಒಂದೊಂದು ಎಸಳು ಕೀಳುತ್ತಿದ್ದರು. ಅವರ ತಾಯಂದಿರು ಬೆಳಿಗ್ಗೆ ಬಂದು ಕೊಂಬೆಯನ್ನೇ ಮುರಿಯುತ್ತಿದ್ದರು. ಈ ವರ್ಷದ ಹೊತ್ತಿಗೆ, ಎತ್ತರದ ಹುಡುಗಿಯೊಬ್ಬಳು ತುದಿಗಾಲಲ್ಲಿ ನಿಂತರೆ ಕೈ ಎಲ್ಲಿಗೆ ಮುಟ್ಟುತ್ತದೋ ಅಲ್ಲಿಯತನಕ ಐದೂ ಗಿಡ ಬೋಳು. ಬೇವನ್ನು ಕಡಿದರೆ ಚಿಗುರುತ್ತದೆ, ಪೇರಲವೂ ಚಿಗುರುತ್ತದೆ. ಮೋರಪಂಖಿಯ ಕಟ್ಟಿಗೆ ಒಮ್ಮೆ ಬರಿದಾಯಿತೆಂದರೆ ಆಯಿತು, ಅಲ್ಲಿ ಮತ್ತೆ ಹಸಿರು ಒಡೆಯುವುದಿಲ್ಲ.

ಏಪ್ರಿಲ್‌ನಲ್ಲಿ ಓಂಪ್ರಕಾಶ ಬಂದು ಗಿಡಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಊರಲ್ಲಿ ಸಿಮೆಂಟಿನ ಅಂಗಡಿ ಅವನದು. ಶಾಲೆಯ ಅಭಿವೃದ್ಧಿ ಸಮಿತಿಗೂ ಅವನೇ ಅಧ್ಯಕ್ಷ.

"ಅಕ್ಕೋರ, ಇವು ಸತ್ತ ಗಿಡ ಅವ. ತಗಿಸಿಬಿಡ್ತೀನಿ. ಇಲ್ಲೇ ಸಾಲಿಗಿ ಒಂದು ಛಲೋ ಕಮಾನು ನಿಂದರಸೋದು ಅದ."

"ಸತ್ತಿಲ್ಲೋ. ಮ್ಯಾಲ ನೋಡು, ಹ್ಯಾಂಗ ಹಸರಾಗಿ ಅವ. ಕೆಳಗ ನಿಮ್ಮ ಮಂದಿನೇ ಬೋಳಿಸ್ಯಾರ."

"ಹಂಗಲ್ರಿ. ಖಬರಸ್ತಾನದಾಗ ಹಚ್ಚೋ ಗಿಡ ಇದು. ಹೆಣ್ಣುಮಕ್ಕಳ ಸಾಲಿ ಮುಂದ ಶೋಭಾ ಅಲ್ಲ, ಮಂದಿ ಅಂತಾರ."

"ಯಾವ ಮಂದಿ? ಮೊನ್ನೆ ಪರೀಕ್ಷಾಕ್ಕ ನಿನ್ನ ಮಗಳು ಒಂದು ಹಿಡಿ ತಪ್ಪಲಾ ಹರಕೊಂಡು ಹೋಗೂಮುಂದ ಖಬರಸ್ತಾನ ನೆನಪಾಗಲಿಲ್ಲೇನು? ಅಕೀ ಬಿಡು, ನೀನು? ಬಿ.ಕಾಂ. ಓದೂಮುಂದ ನೀ ವಾಪಸ್ ಕೊಟ್ಟ ಪುಸ್ತಕ ಝಾಡಿಸಿದ್ರ ಒಂದು ಆಡು ಮೇಯೋವಷ್ಟು ತಪ್ಪಲಾ ಬೀಳ್ತಿತ್ತು."

ಚಹಾದ ಗಾಡಿಯ ಮುಂದೆ ನಿಂತವರು ನಕ್ಕರು. ಓಂಪ್ರಕಾಶನೂ ನಗಲೇಬೇಕಾಯಿತು. ಆದರೂ ಪಟ್ಟು ಬಿಡಲಿಲ್ಲ.

"ಒಂದಕ್ಕ ಹತ್ತು ಹೊಸಾವು ಹಚ್ಚಸ್ತೀನಿ ತಗೋರಿ."

"ಹಚ್ಚು, ಯಾರು ಬ್ಯಾಡ ಅಂತಾರ? ಆದ್ರ ಇವು ಬೆಳದ ವರ್ಷಾ ಯಾವ ನರ್ಸರಿಯಾಗ ಸಿಗ್ತಾವ, ಅಷ್ಟು ಹೇಳು."

"ಬೋಳು ಗಿಡ ಇಟಗೊಂಡು ನಾ ಕಮಾನು ಕಟ್ಟಂಗಿಲ್ರಿ ಅಕ್ಕೋರ."

"ಬೋಳು ಮುಚ್ಚಿ ತೋರಿಸ್ತೀನಿ."

"ಮುಚ್ಚಿದ್ರ ನೋಡೋಣಂತ," ಎಂದು ಅವನು ತನ್ನ ಬೈಕು ಹತ್ತಿದ.

ಮರುದಿನ ಭಾಗಮ್ಮ ಹುಮನಾಬಾದಿನ ಬಸ್ಸು ಹತ್ತಿದಳು. ರಾಜೇಶ್ವರ ದಾಟುವ ಹೊತ್ತಿಗೆ ಆಕೆಯ ತಲೆಯಲ್ಲಿ ಉಪಾಯವೊಂದು ಕೂತಿತ್ತು. ಖಮರುದ್ದೀನ್ ನರ್ಸರಿಯ ನೆರಳಿನಲ್ಲಿ ಗೊಬ್ಬರದ ಚೀಲ ಹೊಲಿಯುತ್ತ ಕೂತಿದ್ದ. ಆಕೆಯನ್ನು ಕಂಡವನೇ ತಾನು ಕೂತಿದ್ದ ಸ್ಟೂಲನ್ನು ಒರೆಸಿ ಮುಂದಿಟ್ಟ.

"ಖಮರ್, ಮ್ಯಾಲಿನ ಟೊಂಗಿ ಕೆಳಗ ಎಳದು ಕಟ್ಟಿದ್ರ ಬೋಳು ಮುಚ್ಚತದೇನು?"

ಅವನು ಸೂಜಿ ಬಿಟ್ಟು ಯೋಚಿಸಿದ. "ಮುಚ್ಚತದ ಆಪಾ. ಹಸಿ ಟೊಂಗಿ ಬಾಗ್ತಾವ. ಆದ್ರ ಜೋರು ಮಾಡಬ್ಯಾಡ್ರಿ. ಇವತ್ತು ನಾಲ್ಕು ಬೊಟ್ಟು, ಎಂಟು ದಿನ ಬಿಟ್ಟು ಮತ್ತ ನಾಲ್ಕು ಬೊಟ್ಟು."

"ಹಗ್ಗ ಕಟ್ಟಿದ್ರ ತೊಗಟಿ ಕೊಯ್ತದ. ಹಳೀ ಸೀರಿ ಹರದು ಪಟ್ಟಿ ಮಾಡ್ತೀನಿ. ತುದಿಗಿ ಒಂದೊಂದು ಕಲ್ಲು."

"ಇಷ್ಟು ತಕಲೀಫ್ ಯಾಕ ಆಪಾ? ದರ್ಗಾದಾಗಿನ ಹಂಗ ಒಂದು ಹಸರು ಚಾದರ ಹೊಚ್ಚಿಬಿಡ್ರಿ. ಓಂಪ್ರಕಾಶ ಅಲ್ಲ, ಅವನ ಅಪ್ಪ ಬಂದ್ರೂ ಮುಟ್ಟಂಗಿಲ್ಲ."

"ಹೊಚ್ಚಿದ ಮ್ಯಾಲ ಆ ಚಾದರ ಯಾರದು ಅಂತ ಜಗಳ ಹತ್ತತದ. ಬಿಡಸಾಕ ನೀ ಬರ್ತೀಯೇನು?"

"ತೌಬಾ ತೌಬಾ," ಎಂದು ಅವನು ಎರಡೂ ಕಿವಿ ಹಿಡಿದುಕೊಂಡು ನಕ್ಕ. ಹೊರಡುವಾಗ ಬಸ್‌ಸ್ಟ್ಯಾಂಡಿನತನಕ ಬಂದು, ಕಂಡಕ್ಟರನಿಗೆ ಹೇಳಿ, ಬಿಸಿಲು ಬೀಳದ ಕಡೆ ಕಿಟಕಿಯ ಸೀಟು ಕೊಡಿಸಿದ.

ಸೀರೆ ಹರಿಯಲು ಜೊತೆಯಾದವಳು ಧೂಳಮ್ಮ. ಆಕೆ ಭಾಗಮ್ಮನ ಗೋಡೆಗೆ ಗೋಡೆ ಹತ್ತಿದ ಮನೆಯವಳು, ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟದ ಅಡುಗೆಯವಳು. ಹೋದ ಚಳಿಗಾಲದಲ್ಲಿ ಭಾಗಮ್ಮನ ದವಡೆ ಹಲ್ಲು ಬಿದ್ದಾಗಿನಿಂದ, ಕೇಳದೆಯೇ, ರೊಟ್ಟಿಯನ್ನು ಸಣ್ಣಗೆ ಮುರಿದು ಬೇಳೆಯಲ್ಲಿ ನೆನೆಸಿ ತಂದಿಡುತ್ತಿದ್ದಳು.

"ಭಾಗಕ್ಕ, ಗಿಡಕ್ಕ ಸೀರಿ ಉಡಸಾಕತ್ತೀದಿ. ಇನ್ನ ಐದು ಮಂದಿ ಮುತ್ತೈದೇರನ್ನ ಕರದು ಬಸರಿ ಹೆಂಗಸಿಗಿ ಮಾಡಿದಂಗ ಕುಬಸಾನೂ ಮಾಡಿಬಿಡು."

"ಮಾಡೋಣ. ಹಾಡಾಕ ನೀ ಕೂಡ್ತೀಯಲ್ಲ, ನಿನ್ನ ದನಿಗಿ ಅರ್ಧ ಮಂದಿ ಓಡಿಹೋಗ್ತಾರ, ಊಟದ ಖರ್ಚು ಕಡಿಮಿ."

ಇಬ್ಬರೂ ನಗುತ್ತ, ಕೆಂಪು, ಹಸಿರು, ಕಂದು ಬಣ್ಣದ ಹಳೆಯ ನೂಲಿನ ಸೀರೆಗಳನ್ನು ಬೆರಳಗಲದ ಪಟ್ಟಿಗಳಾಗಿ ಹರಿದರು. ಬೇಸಿಗೆಯ ರಜೆಯ ಉದ್ದಕ್ಕೂ ಬೆಳಗಿನ ತಂಪಿನಲ್ಲಿ ಭಾಗಮ್ಮ ಕೊಂಬೆಗಳನ್ನು ಸ್ವಲ್ಪ ಸ್ವಲ್ಪವೇ ಕೆಳಗೆಳೆದಳು. ಪಟ್ಟಿಯ ತುದಿಯಲ್ಲಿ ಜೋತ ಕಲ್ಲುಗಳು ಗಾಳಿಗೆ ತೂಗಾಡಿದವು. ಜೂನ್‌ನಲ್ಲಿ ಶಾಲೆಯ ಬಾಗಿಲು ತೆರೆಯುವ ಹೊತ್ತಿಗೆ, ಕೋಳಿ ರೆಕ್ಕೆ ಇಳಿಬಿಟ್ಟು ಮರಿ ಮುಚ್ಚಿಕೊಂಡ ಹಾಗೆ, ಮೇಲಿನ ಹಸಿರು ಕೆಳಗಿನ ಬೋಳನ್ನು ಮುಚ್ಚಿತ್ತು. ಕಲ್ಲು ಇನ್ನೊಂದು ಮಳೆಗಾಲ ಜೋತಿದ್ದರೆ ಕೊಂಬೆಗಳು ಅದೇ ಭಂಗಿಯಲ್ಲಿ ಗಟ್ಟಿಯಾಗುತ್ತಿದ್ದವು.

ಅಷ್ಟರಲ್ಲಿ ಭಾಗಮ್ಮನ ಲೆಕ್ಕದಲ್ಲಿ ಇಲ್ಲದ್ದೊಂದು ನಡೆಯಿತು. ಒಂದು ಬೆಳಿಗ್ಗೆ ನೋಡಿದರೆ, ಆಕೆ ಕಟ್ಟದ ಕೆಂಪು ದಾರವೊಂದು ಕೊಂಬೆಯ ಮೇಲಿತ್ತು. ಮರುದಿನ ಎರಡು ರಿಬ್ಬನ್ನು, ಒಂದು ಹಸಿರು ಚಿಂದಿ. ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಮುಡಬಿಯಿಂದ ಬಂದಿದ್ದ ತಾಯಿಯೊಬ್ಬಳು ಕಣ್ಣು ಮುಚ್ಚಿ ಗಂಟು ಹಾಕುತ್ತಿರುವಾಗ ಭಾಗಮ್ಮ ಹಿಡಿದಳು.

"ಏನು ತಾಯಿ ಇದು?"

"ಮಗಳಿಗಿ ಇಂಗ್ಲಿಷ್ ಭಾಳ ತ್ರಾಸ ಆಗಾಕತ್ತದರಿ. ಎಲ್ಲಾರೂ ಹರಕಿ ಕಟ್ಯಾರಂತ ನಾನೂ ಕಟ್ಟಿದೆ."

"ಅದು ಹರಕಿ ಅಲ್ಲ, ನನ್ನ ಹಳೀ ಸೀರಿ. ಇಂಗ್ಲಿಷ್ ಬೇಕಂದ್ರ ಸಂಜಿಗಿ ನನ್ನ ಮನಿಗಿ ಕಳಸು, ನಾ ಹೇಳಿಕೊಡ್ತೀನಿ."

ಆ ತಾಯಿ ಒಂದು ಕ್ಷಣ ಯೋಚಿಸಿದಳು. "ನೀವೂ ಹೇಳಿಕೊಡ್ರಿ ಅಮ್ಮಾರ. ದಾರಾನೂ ಇರಲಿ," ಎಂದು ಗಂಟನ್ನು ಇನ್ನಷ್ಟು ಬಿಗಿದು ಹೋದಳು.

ಭಾಗಮ್ಮ ದಿನಾ ದಾರ ಬಿಚ್ಚುತ್ತಿದ್ದಳು. ದಿನಾ ಹೊಸವು ಬರುತ್ತಿದ್ದವು.

ಜುಲೈನಲ್ಲಿ ಓಂಪ್ರಕಾಶ ಸುಣ್ಣದ ಪುಡಿಯಿಂದ ಗೆರೆ ಎಳೆಸಿದ. ಗೆರೆ ನೇರವಾಗಿ ಐದು ಗಿಡಗಳ ಬುಡದ ಮೇಲೆ ಹಾದುಹೋಗಿತ್ತು.

"ಬೋಳು ಮುಚ್ಚಿದ್ರ ನೋಡೋಣ ಅಂದಿದ್ದೆಲ್ಲೋ," ಎಂದಳು ಭಾಗಮ್ಮ.

"ನೋಡಿದೆನ್ರಿ. ಛಂದ ಮುಚ್ಚೀರಿ. ಆದ್ರ ಎಂಜಿನಿಯರು ಕಮಾನು ಇಲ್ಲೇ ಹಾಕ್ಯಾರ, ನಾ ಏನು ಮಾಡ್ಲಿ? ನಾಳೆ ಮುಂಜಾನೆ ಜೆಸಿಬಿ ಬರ್ತದ."

ಆ ಸಂಜೆ ಭಾಗಮ್ಮ ಹೊಸ್ತಿಲ ಮೇಲೆ ಗಲ್ಲಕ್ಕೆ ಕೈಯಿಟ್ಟು ಕೂತಿದ್ದನ್ನು ಧೂಳಮ್ಮ ನೋಡಿದಳು. "ನೀ ನಿಶ್ಚಿಂತ ಮಲಕೋ ಭಾಗಕ್ಕ. ಒಂದು ತಪ್ಪಲಾ ಸೈತ ಉದರಂಗಿಲ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು. ಸಮಾಧಾನಕ್ಕೆ ಆಡಿದ ಮಾತೆಂದು ಭಾಗಮ್ಮ ಅಂದುಕೊಂಡಳು.

ಬೆಳಿಗ್ಗೆ ಜನರ ಗದ್ದಲ ಕೇಳಿ ಹೊರಗೆ ಬಂದರೆ, ನಡುವಿನ ಗಿಡಕ್ಕೆ ಜೋತಿದ್ದ ಕಲ್ಲಿಗೆ ಅರಿಶಿನ ಬಳಿದು, ಕುಂಕುಮ ಹಚ್ಚಿ, ಮುಂದೆ ತೆಂಗಿನಕಾಯಿ ಒಡೆದಿತ್ತು. ಬಾಗಿದ ಎಲೆಗಳ ಕೆಳಗೆ ಊದುಬತ್ತಿ ಹೊಗೆಯಾಡುತ್ತಿತ್ತು. ಇಪ್ಪತ್ತು ಮೂವತ್ತು ಮಂದಿ ಕೈಮುಗಿದು ನಿಂತಿದ್ದರು. ಜೆಸಿಬಿ ಸ್ವಲ್ಪ ದೂರದಲ್ಲಿ ನಿಂತು ಗುರುಗುಡುತ್ತಿತ್ತು. ಅದರ ಡ್ರೈವರ್ ಒವೈಸ್ ಎಂಬ ಹುಮನಾಬಾದಿನ ಹುಡುಗ ಕೆಳಗಿಳಿದು ತಲೆ ಕೆರೆದುಕೊಳ್ಳುತ್ತಿದ್ದ.

"ಸಾಹೇಬ್ರ, ಮನ್ನತ್ ಕಟ್ಟಿದ ಗಿಡ ಇದು. ನನಗೂ ಹೆಂಡ್ರು ಮಕ್ಕಳು ಅದಾರ. ನಾ ಕೈ ಹಚ್ಚಂಗಿಲ್ಲ."

ಓಂಪ್ರಕಾಶನೂ ಚಪ್ಪಲಿ ಕಳಚಿಟ್ಟು ಕೈಮುಗಿದು ನಿಂತಿದ್ದ.

ಗಿಡ ಉಳಿದಿತ್ತು. ಭಾಗಮ್ಮನಿಗೆ ಅದು ಸ್ಪಷ್ಟವಾಗಿ ಕಂಡಿತು. ಗುಂಪಿನ ಆಚೆ ಅಡುಗೆಕೋಣೆಯ ಬಾಗಿಲಲ್ಲಿ ನಿಂತ ಧೂಳಮ್ಮನ ಬೆರಳುಗಳು ಇನ್ನೂ ಹಳದಿಯಾಗಿದ್ದವು. ಆಕೆ ಇವಳತ್ತ ನೋಡಿ, ಹೇಳಿದ್ದೆನಲ್ಲ ಎನ್ನುವಂತೆ ಕತ್ತು ಆಡಿಸಿದಳು. ತಾನು ಸುಮ್ಮನಿದ್ದರೆ ಸಾಕು ಎಂದು ಭಾಗಮ್ಮನಿಗೆ ತಿಳಿದಿತ್ತು. ಬಾಯಿ ಮುಚ್ಚಿಕೊಂಡು ಮನೆಗೆ ಹೋದರೂ ಸಾಕಿತ್ತು.

"ಇದಕ್ಕೊಂದು ಕಟ್ಟಿ ಕಟ್ಟಸಬೇಕ್ರಿ," ಎಂದ ಒಬ್ಬ.

"ಸಿಮೆಂಟು ನಾ ಕೊಡ್ತೀನಿ," ಎಂದ ಓಂಪ್ರಕಾಶ, ಮುಗಿದ ಕೈ ಬಿಡದೆ. "ಬುಡದತನಕ ಗಚ್ಚು ಮಾಡಿಸಿಬಿಡೋಣ."

"ದಿನಾ ಎಣ್ಣಿ ದೀಪ ಹಚ್ಚಬೇಕು. ದೇವಿ ಅದಾಳ," ಎಂದಳು ಒಬ್ಬ ಹೆಂಗಸು.

"ದೇವಿ ಯಾಕ? ಮೋರಪಂಖಿ ನಮ್ಮ ಬುಜುರ್ಗರ ಗೋರಿ ಹತ್ರ ಇರೋ ಗಿಡ. ಅಲ್ನೋಡ್ರಿ, ಹಸರು ಪಟ್ಟಿ ಕಟ್ಟ್ಯಾರ."

"ಕೆಂಪೂ ಅದಲ್ಲ, ಕಾಣಂಗಿಲ್ಲೇನು ನಿನಗ?"

ಸಿಟ್ಟಿನ ಮಾತೇನಲ್ಲ, ಆದರೂ ದನಿ ತುಸು ಏರಿತ್ತು. ಪಾಟೀಚೀಲ ಹೊತ್ತ ಹುಡುಗಿಯರು ಗುಂಪು ದಾಟಲಾಗದೆ ರಸ್ತೆಯಲ್ಲೇ ನಿಂತಿದ್ದರು. ಆ ಹಸಿರು ಪಟ್ಟಿ ತನ್ನ ದೀಪಾವಳಿಯ ಸೀರೆಯದು, ಕೆಂಪು ತಂಗಿಯ ಮದುವೆಯಲ್ಲಿ ಉಟ್ಟದ್ದು. ಭಾಗಮ್ಮನಿಗೆ ನಗು ಬರಬೇಕಿತ್ತು, ಬರಲಿಲ್ಲ. ಆಕೆ ಊದುಬತ್ತಿಯನ್ನೇ ನೋಡುತ್ತಿದ್ದಳು. ಅದರ ಕೆಂಡ ಎಲೆಗೆ ಒಂದು ಗೇಣು ದೂರದಲ್ಲಿತ್ತು. ಅಂಟು ತುಂಬಿದ ಎಲೆ, ತಾಗಿದರೆ ಭಗ್ಗೆಂದು ಹತ್ತಿಕೊಳ್ಳುವಂಥದ್ದು. ಬುಡಕ್ಕೆ ಗಚ್ಚು, ದಿನಾ ಎಣ್ಣೆ, ಅಭಿಷೇಕದ ನೀರು. ಎರಡು ವರ್ಷದಲ್ಲಿ ಬೇರು ಕೊಳೆತು ಗಿಡ ನಿಂತಲ್ಲೇ ಒಣಗುತ್ತದೆ. ಆಮೇಲೆ ಉಳಿಯುವುದು ಕಟ್ಟೆ, ಮತ್ತು ಆ ಕಟ್ಟೆ ಯಾರದು ಎಂಬ ಮಾತು.

ಆಕೆ ಗುಂಪಿನ ನಡುವೆ ಹಾದು, ಬಗ್ಗಿ, ಊದುಬತ್ತಿಯನ್ನು ಕಿತ್ತು ಮಣ್ಣಿಗೆ ಚುಚ್ಚಿ ಆರಿಸಿದಳು. ಕಲ್ಲಿನ ಗಂಟು ಬಿಚ್ಚಿದಳು. ಸೆರಗಿನಿಂದ ಅರಿಶಿನ, ಕುಂಕುಮ ಎರಡನ್ನೂ ಒರೆಸಿದಳು. ಭಾರ ಹೋದ ಕೊಂಬೆ ಸರ್ರನೆ ಮೇಲೆದ್ದು ಒಳಗಿನ ಬೋಳು ಕಟ್ಟಿಗೆ ಎಲ್ಲರಿಗೂ ಕಂಡಿತು.

"ಭಾಗಕ್ಕ!" ಎಂದು ಧೂಳಮ್ಮ ಕೂಗಿದಳು.

"ಈ ಕಲ್ಲು ನನ್ನ ಹಿತ್ತಲದ್ದು," ಎಂದಳು ಭಾಗಮ್ಮ. ದನಿ ಏರಿಸುವ ಅಭ್ಯಾಸ ಆಕೆಗಿರಲಿಲ್ಲ. ಲೈಬ್ರರಿಯಲ್ಲಿ ಕಲಿತ ದನಿ ಅದು, ಅದಕ್ಕೇ ಜನ ಕಿವಿಗೊಟ್ಟರು. "ಈ ಪಟ್ಟಿ ನನ್ನ ಸೀರೀದು. ಟೊಂಗಿ ಬಾಗಸಾಕ ಕಟ್ಟೀನಿ. ಇಲ್ಲಿ ದೇವರೂ ಇಲ್ಲ, ಬಾಬಾನೂ ಇಲ್ಲ. ಇದು ಮೋರಪಂಖಿ ಗಿಡ, ಅಷ್ಟ. ನೆರಳು ಕೊಡ್ತದ, ಧೂಳು ತಡೀತದ, ವರ್ಷಾಪೂರ್ತಿ ಹಸರಾಗಿ ಇರ್ತದ. ಅಷ್ಟು ಸಾಲಂಗಿಲ್ಲೇನು ನಿಮಗ? ಗಿಡ ಉಳೀಬೇಕಂದ್ರ ಅದು ದೇವರ ಆಗಬೇಕೇನು?"

ಆಕೆ ಒಂದೊಂದಾಗಿ ದಾರ, ರಿಬ್ಬನ್ನು ಬಿಚ್ಚಿ ಸೆರಗಿಗೆ ಹಾಕಿಕೊಂಡಳು.

"ನಿನಗೋಸ್ಕರ ಮಾಡಿದ್ದೆ," ಎಂದಳು ಧೂಳಮ್ಮ. ಕಣ್ಣು ತುಂಬಿದ್ದವು. "ಹಚ್ಚಿದ ಕುಂಕುಮ ಒರಸ್ತಾರೇನು ಯಾರರ?" ಅಡುಗೆಕೋಣೆಯ ಬಾಗಿಲು ಧಡ್ ಎಂದು ಮುಚ್ಚಿತು.

ಆ ಸದ್ದು ಭಾಗಮ್ಮನ ಎದೆಗೆ ಬಡಿಯಿತು. ಆದರೂ ಕೈ ನಿಲ್ಲಲಿಲ್ಲ.

ಓಂಪ್ರಕಾಶ ಮೆಲ್ಲನೆ ಚಪ್ಪಲಿ ಮೆಟ್ಟಿಕೊಂಡ. "ಹಂಗಾದ್ರ ಇದು ಬರೇ ಗಿಡ ಅಂತೀರಿ."

"ಹೌದು. ಬರೇ ಗಿಡ."

"ಬರೇ ಗಿಡ ಕೀಳಾಕ ಏನೂ ಅಡ್ಡಿ ಇಲ್ಲಲ್ರಿ?"

"ಅಡ್ಡಿ ನಾ ಇದ್ದೀನಿ," ಎಂದ ಭಾಗಮ್ಮ ರಸ್ತೆ ದಾಟಿ ಮನೆಗೆ ಹೋದಳು. ಜಗುಲಿಯ ಮೇಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಕರಕರ ಎಳೆದು ತಂದು, ಸುಣ್ಣದ ಗೆರೆಯ ಮೇಲೆಯೇ ಹಾಕಿ, ಗಿಡಗಳಿಗೆ ಬೆನ್ನು ಮಾಡಿ ಕೂತಳು.

"ಒವೈಸ್, ಗಾಡಿ ಹಾಕು," ಎಂದ ಓಂಪ್ರಕಾಶ.

"ಸಾಹೇಬ್ರ, ಗಿಡ ಕೀಳು ಅಂದ್ರ ಈಗ ಕೀಳ್ತೀನಿ. ಅಮ್ಮಾರಿಗಿ ಹ್ಯಾಂಗ ಕೀಳ್ಲಿ?"

ಗುಂಪು ನಕ್ಕಿತು. ನಗುತ್ತಲೇ ಅರ್ಧಕ್ಕರ್ಧ ಚದುರಿತು. ಹುಡುಗಿಯರು ಒಳಗೆ ಹೋದರು. ಮುಡಬಿಯ ಆ ತಾಯಿಯ ಮಗಳು ಹಾದುಹೋಗುವಾಗ ಕುರ್ಚಿಯ ಹತ್ತಿರ ನಿಂತು, "ಗುಡ್ ಮಾರ್ನಿಂಗ್ ಮೇಡಂ," ಎಂದಳು. ಸಂಜೆಯ ಪಾಠದ ಮೊದಲ ಫಲ ಅದು.

"ಪೊಲೀಸರನ್ನ ಕರೀತೀನಿ ಅಕ್ಕೋರ."

"ಕರಿ. ಅವರ ಹೆಣ್ಣುಮಕ್ಕಳೂ ಇಲ್ಲೇ ಓದಾಕತ್ತಾರ."

"ಎಷ್ಟೊತ್ತು ಕೂಡ್ತೀರಿ?"

"ಲೈಬ್ರರಿಯಾಗ ಕೂತು ಕೂತೇ ನೌಕರಿ ಮುಗಿಸೀನಿ. ಕೂಡೋದು ನನಗ ಹೇಳಿಕೊಡಬ್ಯಾಡ."

ಓಂಪ್ರಕಾಶ ಹೋದ, ಬಂದ, ಮತ್ತೆ ಹೋದ. ಬಿಸಿಲು ನೆತ್ತಿಗೇರಿತು. ಒವೈಸ್ ಯಂತ್ರದ ಮೂತಿ ನೆಲಕ್ಕಿಳಿಸಿ, ಇಂಜಿನ್ ಆರಿಸಿ, ಯಾರೂ ಹೇಳದೆಯೇ ತನ್ನ ಸೀಟಿನ ಹಿಂದಿದ್ದ ಹಳೆಯ ಕೊಡೆ ತಂದು ಭಾಗಮ್ಮನ ಕುರ್ಚಿಯ ಬೆನ್ನಿಗೆ ಸಿಕ್ಕಿಸಿದ. ಆಮೇಲೆ ತಾನೂ ಐದನೆಯ ಗಿಡದ ನೆರಳಿಗೆ ಸರಿದ. ದೂರದಲ್ಲಿ ಓಂಪ್ರಕಾಶ ಫೋನಿನಲ್ಲಿ ಜಗಳಾಡುತ್ತಿದ್ದ. "ನಾಲ್ಕು ಫೂಟು ಆಚಿ ಸರಸಿದ್ರ ಕಮಾನು ನಿಂದರಂಗಿಲ್ಲಂದ್ರ ಅದೆಂಥ ಎಂಜಿನಿಯರ್ ಅದೀ ನೀ?" ಎಂಬ ಮಾತು ಈ ಕಡೆಗೂ ಕೇಳಿಸಿತು. ಭಾಗಮ್ಮ ಕೇಳಿಸದವಳಂತೆ ಕೂತಿದ್ದಳು.

ಓಂಪ್ರಕಾಶ ಹತ್ತಿರ ಬಂದು, ಬೆವರು ಒರೆಸಿಕೊಂಡು, "ಇವತ್ತು ಬಿಡ್ತೀನಿ. ನಾಳೆ ಮತ್ತ ಬರ್ತೀನಿ ಅಕ್ಕೋರ," ಎಂದ.

"ಬಾರಪ್ಪಾ. ಕುರ್ಚಿ ಪ್ಲಾಸ್ಟಿಕ್‌ದು, ಮಳಿ ಬಂದ್ರೂ ಏನಾಗಂಗಿಲ್ಲ."

ಅವನು ತುಟಿ ಕಚ್ಚಿ ನಗು ತಡೆದುಕೊಂಡು ಹೋದ.

ಊಟದ ಗಂಟೆ ಹೊಡೆಯಿತು. ಬಿಸಿಯೂಟದ ಸಾರಿನ ವಾಸನೆ ಕಂಪೌಂಡು ದಾಟಿ ಬಂತು. ಭಾಗಮ್ಮ ಬೆಳಗಿನಿಂದ ಚಹಾ ಕೂಡ ಕುಡಿದಿರಲಿಲ್ಲ. ಜೆಸಿಬಿ ಇನ್ನೂ ನಿಂತೇ ಇತ್ತು, ಎದ್ದು ಹೋಗುವ ಹಾಗಿರಲಿಲ್ಲ. ಹಸಿವು ಅಂಥ ದೊಡ್ಡದೇನಲ್ಲ. ಧೂಳಮ್ಮನ ಕಣ್ಣು ತುಂಬಿದ್ದು ಒಳಗೆ ಚುಚ್ಚುತ್ತಿತ್ತು. ಇನ್ನೊಮ್ಮೆ ಅದೇ ಬೆಳಗು ಬಂದರೂ ತಾನು ಅದನ್ನೇ ಮಾಡುತ್ತಿದ್ದೆ ಎಂಬುದೂ ಚುಚ್ಚುತ್ತಿತ್ತು.

ಗೇಟಿನ ಸದ್ದಾಯಿತು. ಧೂಳಮ್ಮ ಹೊರಗೆ ಬಂದಳು. ಭಾಗಮ್ಮನ ಕಡೆ ನೋಡಲಿಲ್ಲ. ನಡುವಿನ ಗಿಡದ ಹತ್ತಿರ ಹೋಗಿ, ಕೆಳಗೆ ಬಿದ್ದಿದ್ದ ಕಲ್ಲನ್ನು ಎತ್ತಿದಳು. ಅದರ ಮೂಲೆಯಲ್ಲಿ ಸ್ವಲ್ಪ ಕುಂಕುಮ ಉಳಿದಿತ್ತು. ಅದನ್ನು ಕಣ್ಣಿಗೊತ್ತಿಕೊಂಡು, ತಂಬಿಗೆಯ ನೀರಿನಿಂದ ತೊಳೆದಳು. ಮೇಲೆದ್ದು ನಿಂತಿದ್ದ ಕೊಂಬೆಯನ್ನು, ತೊಗಟೆ ನೋಯದ ಹಾಗೆ, ನಿಧಾನವಾಗಿ ಕೆಳಗೆಳೆದಳು. ಸೀರೆಯ ಪಟ್ಟಿ ಸುತ್ತಿ ಬರಿಯ ಕಲ್ಲನ್ನು ಕಟ್ಟಿ, ಗಂಟು ಗಟ್ಟಿಯಿದೆಯೇ ಎಂದು ಎಳೆದು ನೋಡಿದಳು. ಹಸಿರು ಬೋಳಿನ ಮೇಲೆ ಮತ್ತೆ ಇಳಿಯಿತು. ಮುರಿದ ಎಲೆಯೊಂದರಿಂದ ಆ ಹಳೆಯ ವಾಸನೆ ಸಣ್ಣಗೆ ಎದ್ದಿತು.

ಆಮೇಲೆ ಆಕೆ ಒಳಗೆ ಹೋಗಿ, ಶಾಲೆಯ ಸ್ಟೀಲಿನ ತಟ್ಟೆಯೊಂದನ್ನು ಹಿಡಿದು ಬಂದಳು. ಅದರಲ್ಲಿ ಅನ್ನ ಸಾರು ಇರಲಿಲ್ಲ. ಜೋಳದ ರೊಟ್ಟಿಯನ್ನು ಸಣ್ಣಗೆ ಮುರಿದು, ಬಿಸಿ ಬೇಳೆಯಲ್ಲಿ ಮೆತ್ತಗಾಗುವ ತನಕ ನೆನೆಸಿತ್ತು. ಧೂಳಮ್ಮ ಆ ತಟ್ಟೆಯನ್ನು ಭಾಗಮ್ಮನ ಎರಡೂ ಕೈಗಳಲ್ಲಿ ಇಟ್ಟಳು.